ಸ್ಟೀರಿಂಗ್ ಪಕ್ಕದ ಪ್ರಾರ್ಥನೆ

ಭಾನುವಾರ ಸಭಾಪಾಲಕರು ಆಡಿದ ಒಂದು ಮಾತು ಕಾರು ಕಲಿಸುವ ಮೇಷ್ಟ್ರ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಪ್ರಾರ್ಥನೆಯನ್ನು ಚರ್ಚಿನ ಬೆಂಚಿನ ಮೇಲೆ ಬಿಟ್ಟು ಹೋಗಬೇಡಿ, ಕೆಲಸಕ್ಕೂ ಜೊತೆಯಲ್ಲಿ ಕರೆದುಕೊಂಡು ಹೋಗಿ ಎಂದಿದ್ದರು ಅವರು. ಮಿಕ್ಕವರೆಲ್ಲ ತಲೆಯಾಡಿಸಿ ಮನೆ ಸೇರಿದರು. ಮೇಷ್ಟ್ರು ಮಾತ್ರ ಸೋಮವಾರದಿಂದಲೇ ಗಂಟೆಗೊಮ್ಮೆ, ಎಲ್ಲಿದ್ದರೆ ಅಲ್ಲೇ, ಒಂದು ನಿಮಿಷ ದೇವರ ಜೊತೆ ಮಾತಾಡುವುದೆಂದು ತೀರ್ಮಾನಿಸಿದರು. ಮರೆಯದಿರಲೆಂದು ಕೈಗಡಿಯಾರಕ್ಕೆ ಅಲಾರಂ ಇಟ್ಟುಕೊಂಡರು.

ಹದಿನೆಂಟು ವರ್ಷ ಇನ್ನೊಬ್ಬರ ಕೈಗೆ ಸ್ಟೀರಿಂಗ್ ಕೊಟ್ಟು ಪಕ್ಕದಲ್ಲಿ ಕೂತು ಜೀವ ಹಿಡಿದುಕೊಂಡಿದ್ದ ಮನುಷ್ಯ ಅವರು. ಒಮ್ಮೆ ಹಟ ಹಿಡಿದರೆ ಬಿಡಿಸುವುದು ಕಷ್ಟ ಎಂದು ಹೆಂಡತಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಬಾಗಿಲ ಬಳಿ ನಿಂತು ಕೇಳಿದಳು.

"ಎಲ್ಲಿದ್ರೆ ಅಲ್ಲೇ ಅಂದ್ರೆ, ಕಾರಲ್ಲೂನಾ?"

"ಕಾರಲ್ಲಿ ದೇವರಿಲ್ವಾ?"

ಸೀಟ್ ಬೆಲ್ಟ್ ಹಾಕಿಕೊಳ್ಳಲು ಮರೆಯಬೇಡಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಮೊದಲ ಪಾಠ ನಿವೃತ್ತ ಹೆಡ್‌ಮಿಸ್ಸಿನದು. ನಲವತ್ತು ವರ್ಷ ಮಕ್ಕಳನ್ನು ನೇರ ಸಾಲಿನಲ್ಲಿ ನಡೆಸಿದ ಆಕೆಗೆ ಕಾರನ್ನು ನೇರ ಸಾಲಿನಲ್ಲಿ ನಡೆಸುವುದು ಇನ್ನೂ ಸಾಧ್ಯವಾಗಿರಲಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಆಕೆ ಬಲಕ್ಕೆ ತಿರುಗಿಸುತ್ತಿದ್ದಾಗಲೇ ಗಡಿಯಾರ ಕುಂಯ್ ಎಂದಿತು. ಮೇಷ್ಟ್ರು ಚಿಕ್ಕಂದಿನಲ್ಲಿ ಕಲಿತಂತೆ ಕೈ ಜೋಡಿಸಿ, ತಲೆ ಬಾಗಿಸಿ, ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು.

ಹೆಡ್‌ಮಿಸ್ಸು ಓರೆಗಣ್ಣಿನಲ್ಲಿ ಇದನ್ನು ಕಂಡವರೇ ಕೂಡುರಸ್ತೆಯ ನಟ್ಟನಡುವೆ ಕಾರು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದರು. ಹಿಂದೆ ಸಾಲುಗಟ್ಟಿದ ವಾಹನಗಳು ಮದುವೆಮನೆಯ ವಾಲಗದಂತೆ ಒಟ್ಟಿಗೇ ಊದತೊಡಗಿದವು.

"ನಾನು ಅಷ್ಟು ಕೆಟ್ಟದಾಗಿ ಓಡಿಸ್ತಿದ್ದೀನಾ?" ಎಂದು ಕೇಳಿದರು.

"ಇಲ್ಲ ಮೇಡಂ, ಸುಮ್ನೆ ಪ್ರಾರ್ಥನೆ ಮಾಡ್ತಿದ್ದೆ."

"ನನಗೋಸ್ಕರ ತಾನೇ?"

ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಿಮಗೂ ಸೇರಿಸಿದ್ದೆ," ಎಂದರು.

ಹೆಡ್‌ಮಿಸ್ಸು ಕಾರಿನಿಂದ ಇಳಿದು, ಆಟೋ ಹಿಡಿದು, ದೂರು ಹೇಳಲು ನೇರವಾಗಿ ಡ್ರೈವಿಂಗ್ ಶಾಲೆಯ ಕಚೇರಿಗೆ ಹೋದರು.

ಕಚೇರಿಯಲ್ಲಿ ಫೋನ್ ಎತ್ತುವ ಹುಡುಗಿಗೆ ಒಂದು ಸುದ್ದಿ ಸಿಕ್ಕರೆ ಅದನ್ನು ನಾದಿ, ಹುದುಗೆಬ್ಬಿಸಿ, ಎರಡರಷ್ಟು ಮಾಡಿಯೇ ಹಂಚುವುದು ರೂಢಿ. ಹತ್ತು ಗಂಟೆಗೆ ಮೇಷ್ಟ್ರಿಗೆ ಪಾಠದ ಮಧ್ಯೆ ಕಣ್ಣು ಮುಚ್ಚಿಕೊಂಡಿತಂತೆ ಎಂದಿದ್ದದ್ದು, ಹನ್ನೊಂದಕ್ಕೆ ತಲೆ ಸುತ್ತಿತಂತೆ ಎಂದಾಯಿತು. ಹನ್ನೆರಡಕ್ಕೆ ಎಚ್ಚರ ತಪ್ಪಿದ್ದರಂತೆ ಎಂದಾಯಿತು. ಏನೂ ಅರಿಯದ ಮೇಷ್ಟ್ರು ಒಂದು ಗಂಟೆಗೆ ಸರಿಯಾಗಿ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿ, ಗಡಿಯಾರ ಕುಂಯ್ ಎಂದೊಡನೆ ಕಣ್ಣು ಮುಚ್ಚಿದರು.

"ಅಯ್ಯೋ, ಮತ್ತೆ ಎಚ್ಚರ ಹೋಯ್ತು," ಎಂದು ಹುಡುಗಿ ಒಂದು ಜಗ್ಗು ನೀರನ್ನು ಅವರ ತಲೆಯ ಮೇಲೆ ಸುರಿದಳು. ಬೈಕು ಕಲಿಸುವ ಸಹೋದ್ಯೋಗಿ ಪ್ರಥಮ ಚಿಕಿತ್ಸೆ ಬಲ್ಲವನು. ಅವನು ಓಡಿಬಂದು ಮೇಷ್ಟ್ರನ್ನು ಮೇಜಿನ ಮೇಲೆ ಮಲಗಿಸಿ ಎರಡೂ ಕಾಲನ್ನು ಎತ್ತಿ ಹಿಡಿದ. ಅಷ್ಟಾದರೂ ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡಬಾರದೆಂದು ಮೇಷ್ಟ್ರು ಪ್ರಾರ್ಥನೆ ಮುಗಿಸಿ, ಕಾಲು ಮೇಲಿದ್ದ ಹಾಗೆಯೇ, ಆಮೆನ್ ಎಂದರು.

ಶಾಲೆಯ ಯಜಮಾನರು ಹೊರಗೆ ಬಂದು ನೋಡಿದ್ದು ಇದನ್ನೇ. ಎಲ್ಲವನ್ನೂ ಕೇಳಿಸಿಕೊಂಡು, ಪ್ರಾರ್ಥನೆ ಮನೆಯಲ್ಲಿರಲಿ, ಕಾರಿನಲ್ಲಿ ಬ್ರೇಕ್ ಇರಲಿ ಎಂದರು. ಸಂಜೆಯೊಳಗೆ ಕಣ್ಣು ಮುಚ್ಚಿದ ಸುದ್ದಿ ಇನ್ನೊಂದು ಬಂದರೆ ಕಾರಿನ ಕೀ ವಾಪಸು ಕೊಡಬೇಕು ಎಂದೂ ಹೇಳಿದರು.

ಮೇಷ್ಟ್ರು ಒದ್ದೆ ಅಂಗಿಯಲ್ಲಿ ಕಾರಿನೊಳಗೆ ಒಬ್ಬರೇ ಕೂತರು. ಒಂದು ದಿನವೂ ಪೂರ್ತಿ ನಡೆಸಲಾಗಲಿಲ್ಲವಲ್ಲ ಎಂದು ಮನಸ್ಸು ಮುದುಡಿತು. ಬಿಟ್ಟುಬಿಡುವುದು ಸುಲಭವಿತ್ತು. ಭಾನುವಾರ ಹೇಗಿದ್ದರೂ ಇದ್ದೇ ಇದೆ. ಆಗ ಹೊಳೆಯಿತು: ತಾನು ದಿನಾ ಹೆಂಡತಿಯ ಜೊತೆ ಮಾತಾಡುವಾಗ ಕಣ್ಣು ಮುಚ್ಚುತ್ತೇನೆಯೇ? ಅವಳ ಜೊತೆ ಮಾತಾಡಲು ಅಲಾರಂ ಬೇಕೇ? ಗಡಿಯಾರ ಬಿಚ್ಚಿ ಡ್ಯಾಶ್‌ಬೋರ್ಡಿನ ಡ್ರಾಯರಿಗೆ ಹಾಕಿದರು. ಬಿಡುವುದಿಲ್ಲ, ಕಣ್ಣು ತೆರೆದುಕೊಂಡೇ ಮಾಡುತ್ತೇನೆ ಎಂದು ಗಟ್ಟಿಮಾಡಿಕೊಂಡರು.

ಮಧ್ಯಾಹ್ನದ ಪಾಠಗಳು ಹಾಗೇ ಸಾಗಿದವು. ಕೆಂಪು ದೀಪ ಬಿದ್ದಾಗ, ತಾಳ್ಮೆ ಕೊಡಪ್ಪ. ಮುದುಕಿಯೊಬ್ಬಳು ರಸ್ತೆ ದಾಟುವಾಗ, ಅವಳನ್ನು ಕಾಯಪ್ಪ. ಎದುರಿಗೆ ಲಾರಿ ಬಂದಾಗ, ನಮ್ಮನ್ನೂ ಕಾಯಪ್ಪ. ತುಟಿ ಅಲುಗಲಿಲ್ಲ, ರೆಪ್ಪೆ ಮುಚ್ಚಲಿಲ್ಲ, ಯಾರಿಗೂ ತಿಳಿಯಲಿಲ್ಲ. ದಿನವೆಲ್ಲ ಯಾರೋ ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವ ಹಾಗೆ ಮನಸ್ಸು ಹಗುರವಾಯಿತು.

ಕೊನೆಯ ಪಾಠ ಬೇಕರಿಯವನದು. ಆಳು ಬಾಗಿಲಿನಷ್ಟು ಅಗಲ, ಧೈರ್ಯ ಮಾತ್ರ ಬ್ರೆಡ್ಡಿನ ಚೂರಿನಷ್ಟು. ಹನ್ನೊಂದು ಪಾಠವಾದರೂ ಹೊಳೆಯ ಸೇತುವೆ ದಾಟಿರಲಿಲ್ಲ. ಪ್ರತಿ ಸಲ ಸೇತುವೆ ಕಂಡೊಡನೆ ಕೈ ನಡುಗಿ, ಕಾರು ನಿಲ್ಲಿಸಿ, ಇಳಿದುಬಿಡುತ್ತಿದ್ದ. ಅಂದು ಮೇಷ್ಟ್ರು ತಮ್ಮ ಕಡೆಯ ಬ್ರೇಕಿನ ಬಳಿ ಕಾಲಿಟ್ಟು, ರಸ್ತೆಯ ಮೇಲೆ ಕಣ್ಣಿಟ್ಟು, ಮನಸ್ಸಿನಲ್ಲೇ ಅವನಿಗಾಗಿ ಬೇಡತೊಡಗಿದರು. ಸ್ಟೀರಿಂಗ್ ಒಂದಿಷ್ಟೂ ನಡುಗಲಿಲ್ಲ. ಕಾರು ಗೆರೆ ಎಳೆದಂತೆ ಆ ತುದಿ ಮುಟ್ಟಿತು. ಮೇಷ್ಟ್ರು ಮನಸ್ಸಿನಲ್ಲೇ ದೇವರಿಗೆ ಧನ್ಯವಾದ ಹೇಳಿದರು.

ಕಚೇರಿಯ ಬಾಗಿಲಲ್ಲೇ ಯಜಮಾನರು ಕಾದಿದ್ದರು. ಹೇಗಿತ್ತು ಎಂದು ಬೇಕರಿಯವನನ್ನೇ ಕೇಳಿದರು. ಸೇತುವೆ ದಾಟಿದೆ, ಇಂಥ ಮೇಷ್ಟ್ರು ಎಲ್ಲೂ ಸಿಗುವುದಿಲ್ಲ ಎಂದು ಅವನು ಹೊಗಳಿದ. ಯಜಮಾನರ ಮುಖ ಅರಳಿತು. ಮೇಷ್ಟ್ರು ನಾಚಿ ನೆಲ ನೋಡಿದರು.

"ಎಲ್ಲಾ ಇವರ ಉಪಾಯ ಸಾರ್," ಎಂದ ಬೇಕರಿಯವನು. "ಮೇಷ್ಟ್ರು ಕಾರಲ್ಲೇ ಪ್ರಾರ್ಥನೆ ಮಾಡ್ತಾರೆ ಅಂತ ಫೋನಿನ ಹುಡುಗಿ ಹೇಳಿದ್ಲು. ನಾನೂ ಚಿಕ್ಕೋನಿದ್ದಾಗ ಮಾಡ್ತಿದ್ದೆ, ಬಿಟ್ಟೇಹೋಗಿತ್ತು. ಸೇತುವೆ ಬಂದ ತಕ್ಷಣ ಬಿಗಿಯಾಗಿ ಕಣ್ಣು ಮುಚ್ಕೊಂಡು ಮನಸ್ಸಲ್ಲೇ ಶುರು ಮಾಡ್ದೆ. ಆ ಕಡೆ ಹೋದ್ಮೇಲೆ ಆಮೆನ್ ಅಂದು ಕಣ್ಣು ಬಿಟ್ಟೆ."

ಅರಳಿದ್ದ ಯಜಮಾನರ ಮುಖ ಮುದುಡಿತು.

"ಸೇತುವೆ ಪೂರ್ತಿನಾ?" ಎಂದರು ಮೇಷ್ಟ್ರು, ಗೋಡೆ ಹಿಡಿದುಕೊಂಡು.

"ರಸ್ತೆ ನೀವು ನೋಡ್ತಾ ಇದ್ರಲ್ಲ ಸಾರ್."

ಯಜಮಾನರು ಕೈ ಚಾಚಿದರು. ಮೇಷ್ಟ್ರು ಕೀ ಕೊಟ್ಟರು. ನಾಳೆಯಿಂದ ಅವರಿಗೆ ಒಳಕೋಣೆಯಲ್ಲಿ ರಸ್ತೆ ಚಿಹ್ನೆಗಳ ಪಾಠ ಹೇಳುವ ಕೆಲಸ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕಣ್ಣು ಮುಚ್ಚಿಕೊಳ್ಳಬಹುದು. ಬೇಕರಿಯವನಿಗೆ ಮುಂದೆ ತಾವೇ ಕಲಿಸುವುದಾಗಿ ಯಜಮಾನರು ಹೇಳಿದರು.

ಬೇಕರಿಯವನು ಸಂತೋಷದಿಂದ ತಲೆಯಾಡಿಸಿ, ನಾಳೆ ಇನ್ನೂ ದೊಡ್ಡ ಸೇತುವೆಗೆ ಹೋಗೋಣ ಎಂದ.

ಮೇಷ್ಟ್ರು ನಿಂತಲ್ಲೇ ಕೈ ಜೋಡಿಸಿ, ತಲೆ ಬಾಗಿಸಿ, ಯಾರು ಏನೆಂದುಕೊಂಡರೂ ಚಿಂತೆಯಿಲ್ಲವೆಂದು ಕಣ್ಣು ಮುಚ್ಚಿ, ಅಂದಿನ ಅತ್ಯಂತ ದೀರ್ಘ ಪ್ರಾರ್ಥನೆಯನ್ನು ಶುರು ಮಾಡಿದರು. ಅದು ಯಜಮಾನರಿಗೋಸ್ಕರ.