ಇದೊಂದು ಅಲೆ ಹಾಕಿಸಿಕೊಳ್ಳಿ

ನನಗೊಂದು ದುರಭ್ಯಾಸವಿದೆ. ಯಾರು ಏನು ಕೊಡಲು ಬಂದರೂ ನನ್ನ ಬಾಯಿಂದ ಮೊದಲು ಬರುವ ಮಾತು "ಅಯ್ಯೋ, ಬೇಡ ಬೇಡ." ಮೈಸೂರಿನ ನಮ್ಮ ಮನೆಯಲ್ಲಿ ಇದನ್ನು ದುರಭ್ಯಾಸ ಅನ್ನುತ್ತಿರಲಿಲ್ಲ, ಮರ್ಯಾದೆ ಅನ್ನುತ್ತಿದ್ದರು. ಯಾರ ಮನೆಗೆ ಊಟಕ್ಕೆ ಹೊರಟರೂ ಅಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಮೊದಲನೇ ಸಲ ಕೇಳಿದರೆ "ಬೇಡ" ಅನ್ನಬೇಕು. ಎರಡನೇ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಅನ್ನಬೇಕು. ಮೂರನೇ ಸಲಕ್ಕೆ ಮಾತಾಡದೆ ಹಾಕಿಸಿಕೊಳ್ಳಬೇಕು. ಬಡಿಸುವವರಿಗೂ ಇದು ಗೊತ್ತು. ಮೊದಲ ಎರಡು ಉತ್ತರಗಳನ್ನು ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೂರನೇ ಸಲ "ಇದೊಂದೇ ಇದೊಂದು, ನನ್ನಾಣೆ" ಅಂತ ಕೈಯ ಸಂದಿಯಲ್ಲೇ ಹೋಳಿಗೆ ಜಾರಿಸಿ ಮುಂದಿನ ಎಲೆಗೆ ಹೋಗುತ್ತಾರೆ. ಎಲ್ಲರ ಹೊಟ್ಟೆಯೂ ತುಂಬುತ್ತದೆ, ಎಲ್ಲರ ಮರ್ಯಾದೆಯೂ ಉಳಿಯುತ್ತದೆ.

ಈ ಲೆಕ್ಕ ನಡೆಯುವುದು ಎರಡೂ ಕಡೆಯವರಿಗೆ ಲೆಕ್ಕ ಗೊತ್ತಿದ್ದರೆ ಮಾತ್ರ ಅನ್ನುವುದು ಕ್ಯಾಲಿಫೋರ್ನಿಯಾಕ್ಕೆ ಬಂದ ಮೊದಲ ತಿಂಗಳೇ ಅರಿವಾಯಿತು. ನನ್ನ ಮೊದಲ ಮ್ಯಾನೇಜರು ಮನೆಗೆ ಊಟಕ್ಕೆ ಕರೆದು, ಇನ್ನಷ್ಟು ಬೇಕೇ ಅಂತ ಕೇಳಿದಳು. ನಾನು "ನೋ, ನೋ" ಅಂದೆ. ಆಕೆ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿಬಿಟ್ಟಳು. ಎರಡನೇ ಸಲ ಕೇಳುತ್ತಾಳೆಂದು ನಾನು ಕಾಫಿ ಬರುವವರೆಗೂ ಕಾದೆ. ಅದು ಹೋಗಲಿ, ಒಂದು ಸಂಜೆಯ ಹಸಿವು. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಒಮ್ಮೆ ಟೀಮಿನ ಲೀಡ್ ಆಗುತ್ತೀಯಾ ಅಂತ ಕೇಳಿದಾಗಲೂ ಬಾಯಿ ತಾನಾಗಿಯೇ "ಅಯ್ಯೋ, ನಾನೇನು ಮಹಾ, ಆ ಹೊಸ ಹುಡುಗ ಚೆನ್ನಾಗಿ ಮಾಡ್ತಾನೆ" ಅನ್ನುವ ಅರ್ಥದ ಇಂಗ್ಲಿಷನ್ನು ಉದುರಿಸಿತು. ಆ ಹೊಸ ಹುಡುಗ ಈಗ ನನ್ನ ಮ್ಯಾನೇಜರು. ನಿಜಕ್ಕೂ ಚೆನ್ನಾಗಿ ಮಾಡುತ್ತಾನೆ, ಪಾಪ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಸಮುದ್ರದ ಅಲೆ ಏರುವುದನ್ನು, ಕಲಿಯಲು ಹೋದೆ. ನಗಬೇಡಿ. ನನಗೇನು ಅಲೆಗಳ ಮೇಲೆ ಮೋಹವಿರಲಿಲ್ಲ. ಮಗಳು ಇಳಾ ಹದಿನಾಲ್ಕು ತುಂಬಿದ ದಿನದಿಂದ ನನ್ನೊಡನೆ ಮಾತು ನಿಲ್ಲಿಸಿದ್ದಳು. ಜಗಳವೇನಿಲ್ಲ, ಮಾತಿಲ್ಲ ಅಷ್ಟೆ. ನಾನು ಕನ್ನಡದಲ್ಲಿ ನಾಲ್ಕು ವಾಕ್ಯದ ಪ್ರಶ್ನೆ ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ ಬರುತ್ತಿತ್ತು: "ಫೈನ್." ಅವಳ ಶಾಲೆಯ ಗೆಳತಿಯರು ಶನಿವಾರ ಬೆಳಗ್ಗೆ ಪೆಸಿಫಿಕಾದ ಕಡಲತೀರಕ್ಕೆ ಸರ್ಫಿಂಗ್ ಕ್ಲಾಸಿಗೆ ಹೋಗುತ್ತಿದ್ದರು. ಇವಳೂ ಸೇರಿದಳು. ನಾನು ಡ್ರೈವರು. ಮೊದಲ ವಾರ ವಾಪಸ್ ಬರುವಾಗ ಒದ್ದೆ ಕೂದಲಿನಲ್ಲಿ, ಕೈಯಲ್ಲಿ ಬಿಸಿ ಚಾಕೊಲೇಟ್ ಹಿಡಿದು ಕೂತ ಈ ಹುಡುಗಿ ಪೆಸಿಫಿಕಾದಿಂದ ಸನ್ನಿವೇಲಿನ ನಮ್ಮ ಮನೆಯವರೆಗೂ ಬಾಯಿ ಮುಚ್ಚಲಿಲ್ಲ. ಅಲೆ, ಶಾಲೆ, ಗೆಳತಿಯರು, ಯಾರಿಗೆ ಯಾರ ಮೇಲೆ ಕೋಪ, ಎಲ್ಲವೂ ಹೊರಬಂತು. ಫ್ರೀವೇಯಲ್ಲಿ ಟ್ರಾಫಿಕ್ ಹೆಚ್ಚಿರಲಿ ದೇವರೇ ಅಂತ ನಾನು ಬೇಡಿಕೊಂಡದ್ದು ಅದೇ ಮೊದಲು. ಮರುವಾರ ನಾನೂ ಕ್ಲಾಸಿಗೆ ಸೇರಿದೆ.

ಅಲ್ಲಿನ ನೀರು ಎಷ್ಟು ತಣ್ಣಗೆಂದರೆ ಮೈಗಂಟುವ ರಬ್ಬರಿನ ಉಡುಪಿಲ್ಲದೆ ಇಳಿಯುವಂತಿಲ್ಲ. ಅದರೊಳಗೆ ನನ್ನನ್ನು ತುಂಬುವ ಕೆಲಸ ನನ್ನ ಗಂಡ ಪ್ರಸನ್ನನದು. ಪ್ರಸನ್ನ ಉಡುಪಿಯವನು, ಸಮುದ್ರದ ಸದ್ದು ಕೇಳುತ್ತ ಬೆಳೆದವನು, ಆದ್ದರಿಂದಲೇ ಮೊಣಕಾಲಿಗಿಂತ ಮೇಲೆ ನೀರು ಬಂದರೆ ಹಿಂದೆ ಸರಿಯುವವನು. "ಸಮುದ್ರ ಇರುವುದು ನೋಡ್ಲಿಕ್ಕೆ ಮಾರಾಯ್ತಿ, ಅದರ ಬೆನ್ನು ಹತ್ಲಿಕ್ಕಲ್ಲ" ಅನ್ನುತ್ತ ಉಡುಪಿನ ಜಿಪ್ಪನ್ನು ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಉಸಿರು ಬಿಗಿಹಿಡಿಯಬೇಕಾದವಳು ನಾನು. ಒಂಬತ್ತು ಅಡಿಯ ಹಲಗೆಯನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ತುಳಸಿ ಕುಂಡದ ಪಕ್ಕ ನಿಲ್ಲಿಸಿದ್ದೆವು. ಮೈಸೂರಿನಿಂದ ಅಮ್ಮ ಆರು ತಿಂಗಳಿಗೆಂದು ಬಂದಿದ್ದಾಗ ದಿನಾ ತುಳಸಿಗೆ ನೀರು ಹಾಕಿ, ಆ ಹಲಗೆಗೂ ಒಂದು ಕುಂಕುಮದ ಬೊಟ್ಟಿಟ್ಟರು. ನನ್ನನ್ನು ಹೊತ್ತುಕೊಳ್ಳುವ ವಸ್ತುವಿಗೆ ದೇವರ ಸಹಾಯ ಬೇಕೆಂದು ಅವರಿಗೆ ಅನ್ನಿಸಿರಬೇಕು.

ಒಂದೂವರೆ ವರ್ಷ ಹೀಗೆ ನಡೆಯಿತು. ಪೆಸಿಫಿಕಾದಲ್ಲಿ ಮರಳಿನ ತಳ, ಉದ್ದಕ್ಕೂ ಅಲೆಗಳು, ಯಾರು ಎಲ್ಲಿ ಬೇಕಾದರೂ ಬೀಳಬಹುದು. ನಾನು ದಡದ ಹತ್ತಿರ, ಆಗಲೇ ಒಡೆದು ಬಂದ ಬಿಳಿ ನೊರೆಯ ಮೇಲೆ ನಾಲ್ಕು ಸೆಕೆಂಡು ನಿಂತು ಬೀಳುವುದರಲ್ಲಿ ಪರಿಣತಳಾದೆ. ಇಳಾ ಆಚೆ, ಇನ್ನೂ ಒಡೆಯದ ಹಸಿರು ಅಲೆಗಳ ಮೇಲೆ ಓಡುತ್ತಿದ್ದಳು. ಅಷ್ಟರಲ್ಲಿ ಅವಳಿಗೆ ಹದಿನಾರು ಹತ್ತಿರ ಬಂತು. ಹದಿನಾರು ಅಂದರೆ ಡ್ರೈವಿಂಗ್ ಲೈಸೆನ್ಸು. ಲೈಸೆನ್ಸು ಅಂದರೆ ಶನಿವಾರ ಬೆಳಗ್ಗೆ ಅವಳಿಗೆ ಡ್ರೈವರು ಬೇಡ. ಈ ಲೆಕ್ಕವನ್ನು ನಾನು ಎಷ್ಟೋ ಸಲ ಮಾಡಿದ್ದೆ, ಪ್ರತಿ ಸಲವೂ ಉತ್ತರ ಅದೇ ಬರುತ್ತಿತ್ತು.

ಆ ಬೇಸಿಗೆ ಹವಾಯಿಗೆ ಹೊರಟೆವು. ವಿಮಾನದಲ್ಲಿ ಇಳಾ ಕಿವಿಯಿಂದ ಇಯರ್‌ಫೋನ್ ತೆಗೆದು ತಾನಾಗಿಯೇ ಮಾತಾಡಿದಳು. "ಅಮ್ಮಾ, ಒಂದು ಡೀಲ್. ಅಲ್ಲಿ ಯು ಕ್ಯಾಚ್ ಒನ್ ಗ್ರೀನ್ ವೇವ್. ಒಂದೇ. ದೆನ್ ಸ್ಯಾಟರ್‌ಡೇಸ್ ನಾವಿಬ್ಬರೇ. ಇಲ್ಲಾಂದ್ರೆ ನಾನು ಫ್ರೆಂಡ್ಸ್ ಜೊತೆ ಹೋಗ್ತೀನಿ. ಐ ಕಾಂಟ್ ಕೀಪ್ ಲುಕಿಂಗ್ ಬ್ಯಾಕ್ ಅಟ್ ಯು ಇನ್ ದ ಫೋಮ್." ನಾಲ್ಕು ದಿನ, ಒಂದು ಅಲೆ. ಇಷ್ಟು ಸುಲಭದ ಪರೀಕ್ಷೆಯೇ ಅಂದುಕೊಂಡು ನಾನು ಕೈ ಕುಲುಕಿದೆ.

ನಾವು ಹೋದ ಜಾಗದಲ್ಲಿ ನೆಲದ ಮೂಗೊಂದು ಸಮುದ್ರದೊಳಕ್ಕೆ ಚಾಚಿಕೊಂಡಿತ್ತು. ಅದರ ಸುತ್ತ ನೀರಿನಡಿ ಹವಳದ ಬಂಡೆ. ದೂರದಿಂದ ಬಂದ ಅಲೆ ಬಂಡೆಯ ಒಂದೇ ಜಾಗದಲ್ಲಿ ಎದ್ದು, ಅಲ್ಲಿಂದ ಅಂಚಿನುದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಆದ್ದರಿಂದ ಎಲ್ಲರೂ ಆ ಒಂದೇ ಜಾಗದ ಬಳಿ ಹಲಗೆಗಳ ಮೇಲೆ ಕೂತು ಸರದಿ ಕಾಯಬೇಕು. ಒಂದು ಅಲೆಗೆ ಒಬ್ಬರು. ಅಲೆ ಏಳುವ ಜಾಗಕ್ಕೆ ಹತ್ತಿರವಿದ್ದವರದು ಮೊದಲ ಹಕ್ಕು. ಇನ್ನೊಬ್ಬರ ಅಲೆಗೆ ನುಗ್ಗುವುದಕ್ಕಿಂತ ದೊಡ್ಡ ಪಾಪ ಅಲ್ಲಿಲ್ಲ ಅಂತ ಇಳಾ ದಡದಲ್ಲೇ ಮೂರು ಸಲ ಹೇಳಿದ್ದಳು. ಪಂಕ್ತಿಯ ಊಟದಲ್ಲಿ ಬೆಳೆದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ತೊಂದರೆ ಶುರುವಾದದ್ದೇ ಅಲ್ಲಿ. ಸಾಲಿನ ಹಿರಿಯರು ಹುಲ್ಲಿನ ಟೋಪಿ ಹಾಕಿಕೊಂಡ, ಎಪ್ಪತ್ತರ ಆಚೆಯ ಒಬ್ಬರು. ಎಲ್ಲರೂ ಅವರನ್ನು "ಅಂಕಲ್" ಅನ್ನುತ್ತಿದ್ದರು. ಆ ದ್ವೀಪಗಳಲ್ಲಿ ದೊಡ್ಡವರನ್ನು ನಮ್ಮ ಹಾಗೆಯೇ ಅಂಕಲ್, ಆಂಟಿ ಅಂತಲೇ ಕರೆಯುವುದು. ಇಪ್ಪತ್ತು ವರ್ಷ ಆಫೀಸಿನ ಚಿಕ್ಕ ಚಿಕ್ಕ ಹುಡುಗರಿಂದಲೂ "ವೀಣಾ" ಅನ್ನಿಸಿಕೊಂಡ ನನಗೆ, ಮೈಗೆಲ್ಲ ಹಚ್ಚೆ ಹಾಕಿಸಿಕೊಂಡ ಪೈಲ್ವಾನನಂಥ ಯುವಕನೊಬ್ಬ ಜಾಗ ಮಾಡಿಕೊಟ್ಟು "ಹಾಯ್, ಆಂಟಿ" ಅಂದಾಗ ಮೈಸೂರಿಗೇ ಬಂದ ಹಾಗಾಯಿತು. ಆಂಟಿ ಅನ್ನಿಸಿಕೊಂಡ ಮೇಲೆ ಆಂಟಿಯ ಹಾಗೆ ನಡೆದುಕೊಳ್ಳಬೇಡವೇ? ಒಳ್ಳೆಯ ಅಲೆಯೊಂದು ಎದ್ದಿತು. ನನ್ನದೇ ಸರದಿ. ಅಂಕಲ್ ತಲೆಯಾಡಿಸಿ "ಆಂಟಿ, ಯುವರ್ಸ್" ಅಂದರು. ನನ್ನ ಬಾಯಿ "ನೋ, ನೋ, ಪ್ಲೀಸ್, ಯು ಗೋ" ಅಂದಿತು. ಅವರು ಹುಬ್ಬೇರಿಸಿ ಇನ್ನೊಮ್ಮೆ ಕೇಳಿದರು. ನಾನು ಕೈ ಅಡ್ಡ ಹಿಡಿದೆ. ಅವರು ಹೋದರು. ಮೂರನೇ ಸಲ ಕೇಳುವಷ್ಟು ಪುರುಸೊತ್ತು ಯಾವ ಅಲೆಗೂ ಇರುವುದಿಲ್ಲ.

ಎರಡನೇ ದಿನದ ಹೊತ್ತಿಗೆ ನಾನು ಬಡಿಸಲು ನಿಂತಿದ್ದೆ. "ನೀನು ಹೋಗಪ್ಪಾ, ಆಗಿಂದ ಕಾಯ್ತಿದೀಯ." "ಆ ಹುಡುಗಿಗೆ ಬಿಡಿ, ಅವಳಿಗೆ ಇನ್ನೂ ಒಂದೂ ಸಿಕ್ಕಿಲ್ಲ." ಇದನ್ನೆಲ್ಲ ನಗುಮುಖದ ಇಂಗ್ಲಿಷಿನಲ್ಲಿ ಹೇಳುತ್ತ ಒಬ್ಬೊಬ್ಬರನ್ನೇ ಅಲೆಗೆ ಕಳಿಸಿಕೊಟ್ಟೆ. ಮೂರನೇ ದಿನ ನಾನು ಬರುವುದನ್ನು ಕಂಡೇ ಸಾಲಿನಲ್ಲಿದ್ದವರ ಮುಖ ಅರಳಿತು. ಇಂಥ ಒಳ್ಳೆಯ ಆಂಟಿಯನ್ನು ಈ ನೀರಿನಲ್ಲಿ ನೋಡೇ ಇಲ್ಲ ಅಂತ ಅಂಕಲ್ ಹೇಳಿದರು. ನನಗೆ ಹೆಮ್ಮೆಯಾಯಿತು ಅಂತ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ದಡದಲ್ಲಿ ಪ್ರಸನ್ನ ಕೊಡೆಯಡಿ ಕೂತು ಪುಳಿಯೋಗರೆಯ ಡಬ್ಬಿ ಕಾಯುತ್ತಿದ್ದ. ನಾನು ಮೇಲೆ ಬಂದೊಡನೆ ಕೇಳಿದ, "ನೀನು ಅಲ್ಲಿ ಎಂತ ಮಾಡುವುದು ಮಾರಾಯ್ತಿ? ಮೂರು ದಿನದಿಂದ ನೋಡ್ತಾ ಇದ್ದೇನೆ, ಎಲ್ಲರಿಗೂ ಟಾಟಾ ಮಾಡಿ ಕಳಿಸ್ತಾ ಇದ್ದಿ."

ಇಳಾ ಡಬ್ಬಿ ಮುಟ್ಟಲಿಲ್ಲ. "ಅಮ್ಮಾ, ಸ್ಟಾಪ್ ಫೀಡಿಂಗ್ ಪೀಪಲ್."

"ನಾನು ಸುಮ್ಮನೆ ಮರ್ಯಾದೆಗೆ..." ಅಂತ ಶುರು ಮಾಡಿದೆ.

"ನೋ. ಯು ಆರ್ ಸ್ಕೇರ್ಡ್. ಭಯ ನಿನಗೆ. ಯು ಆರ್ ಜಸ್ಟ್ ಪೊಲೈಟ್ ಅಬೌಟ್ ಇಟ್." ಹಾಗಂದು ಟವೆಲ್ ಹೊದ್ದು ಆಚೆ ಹೋಗಿ ಕೂತಳು.

ಹದಿನಾರು ತುಂಬದ ಹುಡುಗಿ ನಲವತ್ತೆಂಟರ ಹೆಂಗಸಿಗೆ ಹೀಗೆ ಹೇಳಬಹುದೇ ಅಂತ ಸಿಟ್ಟು ಬಂತು. ಪುಳಿಯೋಗರೆ ತಿನ್ನುತ್ತ ತಿನ್ನುತ್ತ ಸಿಟ್ಟು ಇಳಿಯಿತು, ಯಾಕೆಂದರೆ ಅವಳು ಹೇಳಿದ್ದು ನಿಜ. ಆ ನೀರು ಗಾಜಿನಷ್ಟು ತಿಳಿ. ಅಲೆ ಎದ್ದಾಗ ಅಡಿಯಲ್ಲಿ ಹವಳದ ಬಂಡೆ, ಅದರ ಬಿರುಕುಗಳಲ್ಲಿ ಕಪ್ಪು ಮುಳ್ಳುಗಳ ಜೀವಿಗಳು, ಎಲ್ಲ ಎಣಿಸುವಷ್ಟು ಸ್ಪಷ್ಟ ಕಾಣುತ್ತಿತ್ತು. ನನಗೆ ಕೈಕಾಲು ತಣ್ಣಗಾಗುತ್ತಿದ್ದವು. ಆಮೇಲೆ ಬಾಯಿ ಬಹಳ ವಿನಯದಿಂದ "ನೀವು ಹೋಗಿ" ಅನ್ನುತ್ತಿತ್ತು. ಟೀಮಿನ ಲೀಡ್ ಆಗುತ್ತೀಯಾ ಅಂತ ಕೇಳಿದ ದಿನವೂ ಕೈಕಾಲು ಹೀಗೆಯೇ ತಣ್ಣಗಾಗಿದ್ದವು ಅಂತ ಆಗ ನೆನಪಾಯಿತು. ಇಷ್ಟು ವರ್ಷ ಅಮ್ಮನ ಪಾಠದ ಹಿಂದೆ ನಾನು ಅಡಗಿಕೊಂಡಿದ್ದೆ. ಪಾಪ, ಅಮ್ಮ ಕಲಿಸಿದ್ದು ಹೋಳಿಗೆಗೆ ಮಾತ್ರ.

ನಾಲ್ಕನೇ ಬೆಳಗ್ಗೆ ಇಳಾ ತನ್ನ ಸರದಿಗಳನ್ನೆಲ್ಲ ಬಿಟ್ಟು ನನ್ನ ಹಿಂದೆಯೇ ಹಲಗೆ ತಂದು ಕೂತಳು. ದೂರದಲ್ಲಿ ಸಮುದ್ರ ಸ್ವಲ್ಪ ಕಪ್ಪಾಯಿತು, ಉಬ್ಬಿತು. ಅಂಕಲ್ ನನ್ನ ಕಡೆ ತಿರುಗಿ "ಆಂಟಿ?" ಅಂದರು. ನಾನು ದಡದ ಕಡೆ ಮುಖ ಮಾಡಿ ಹಲಗೆಯ ಮೇಲೆ ಮಲಗಿದೆ, ಇದು ನಿಜ. ಆದರೆ ಬಂಡೆ ಕಂಡಿತು. "ನೋ, ನೋ" ಅಂದೆ. "ಆಂಟಿ, ಗೋ" ಅಂದರು. "ಪ್ಲೀಸ್, ಯು..." ಅಂತ ಕೈ ಅಡ್ಡ ಹಿಡಿದೆ. ಆಗ ಹಿಂದಿನಿಂದ, ಥೇಟ್ ನಮ್ಮ ಅಮ್ಮನ ರಾಗದಲ್ಲಿ, ಅಮೆರಿಕನ್ ನಾಲಿಗೆಯ ಕನ್ನಡ ಕೇಳಿಸಿತು.

"ಇದೊಂದೇ ಇದೊಂದು ಅಮ್ಮಾ, ನನ್ನಾಣೆ."

ಹಲಗೆಯ ಬಾಲಕ್ಕೆ ಒಂದು ನೂಕು ಬಿತ್ತು. ಬೇಡ, ಸಾಕು, ಎರಡೂ ಹೇಳಿಯಾಗಿತ್ತು. ಇನ್ನು ಹಾಕಿಸಿಕೊಳ್ಳದೆ ದಾರಿಯಿರಲಿಲ್ಲ. ಎರಡು ಸಲ ಕೈಯಿಂದ ನೀರು ಹಿಂದಕ್ಕೆ ತಳ್ಳಿದೆ, ಹಲಗೆ ತಾನಾಗಿಯೇ ಇಳಿಜಾರು ಹಿಡಿಯಿತು, ನಾನು ಹೇಗೋ ಎದ್ದು ನಿಂತೆ. ಎಡಕ್ಕೆ ಹಸಿರು ಗೋಡೆ, ಕಾಲಡಿಯಲ್ಲಿ ಬಂಡೆ ಓಡುತ್ತಿದೆ, ಸದ್ದೇ ಇಲ್ಲ. ಒಂದು ದೋಸೆ ಹುಯ್ದು ಮುಚ್ಚಿ ತೆಗೆಯುವಷ್ಟು ಹೊತ್ತು ನಿಂತಿದ್ದೆ ಅಂತ ನಾನು ಹೇಳುತ್ತೇನೆ. ಒಂದು ಕಡೆ ಮಾತ್ರ ಬೆಂದಿತ್ತು ಅಂತ ಪ್ರಸನ್ನ ಹೇಳುತ್ತಾನೆ. ಬಂಡೆ ಮುಗಿದು ಆಳದ ನೀರು ಬಂದ ಮೇಲೆಯೇ ಬಿದ್ದೆ. ಮೇಲೆದ್ದು ನೋಡಿದರೆ ಅಂಕಲ್ ಟೋಪಿ ಬೀಸುತ್ತಿದ್ದರು, ಇಳಾ ಹಲಗೆಯನ್ನು ಬಡಿಯುತ್ತ ಅರಚುತ್ತಿದ್ದಳು. ನಾನು ಅತ್ತೆ. ಸಮುದ್ರದಲ್ಲಿ ಅಳುವುದರ ಒಂದು ಅನುಕೂಲವೆಂದರೆ ಮುಖದ ಮೇಲೆ ಹೇಗೂ ಉಪ್ಪುನೀರೇ ಇರುತ್ತದೆ.

ಕ್ಯಾಲಿಫೋರ್ನಿಯಾಕ್ಕೆ ಮರಳಿದ ನಾನು ಬೇರೆಯೇ ಹೆಂಗಸಾಗಿದ್ದೆ. ಕೇಳಿದ್ದಕ್ಕೆ ಮೊದಲನೇ ಸಲವೇ ಹೂಂ ಅನ್ನಬೇಕು, ಕೈ ಅಡ್ಡ ಹಿಡಿಯಬಾರದು ಅಂತ ವ್ರತ ತೊಟ್ಟೆ. ಆಫೀಸಿನ ಒಂದು ಮೀಟಿಂಗಿನಲ್ಲಿ ಹೊಸ ಕೆಲಸವೊಂದನ್ನು ಯಾರು ವಹಿಸಿಕೊಳ್ಳುತ್ತೀರಿ ಅಂದಾಗ ನನ್ನ ಕೈ ಮೇಲೆ ಹೋಯಿತು, ಮ್ಯಾನೇಜರು ಗಾಬರಿಯಾದ. ಅದೇ ಹುರುಪಿನಲ್ಲಿ ಭಾನುವಾರ ಗಿಲ್‌ರಾಯಿನಲ್ಲಿ ಹೊಸ ಮನೆ ಕೊಂಡ ಗೆಳತಿ ಶಾಲಿನಿಯ ಮನೆಗೆ ಊಟಕ್ಕೆ ಹೋದೆವು. ನಲವತ್ತು ಜನ. ಶಾಲಿನಿ ಬೆಳಗಿನಿಂದ ಒಲೆ ಮುಂದೆ ನಿಂತು ತಟ್ಟಿದ ಹೋಳಿಗೆ. ಕೊನೆಗೆ ತಟ್ಟೆ ಹಿಡಿದು ನನ್ನ ಬಳಿ ಬಂದು, "ವೀಣಾ, ಇನ್ನೊಂದು ಹಾಕ್ಲಾ?" ಅಂದಳು.

"ಹೂಂ, ಹಾಕು" ಅಂದೆ.

ಅವಳ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿದ್ದವರು ತಿರುಗಿ ನನ್ನನ್ನೇ ನೋಡಿದರು. ಆಮೇಲೆ ಹೋಳಿಗೆ ನನ್ನ ತಟ್ಟೆಗೆ ಬಂತು, ಅವಳು ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು. ನಾನು ತುಪ್ಪ ಹಾಕಿಕೊಂಡು ಚೆನ್ನಾಗಿ ತಿಂದೆ.

ವಾಪಸ್ ಬರುವಾಗ ಇಳಾಳೇ ಡ್ರೈವ್ ಮಾಡುತ್ತಿದ್ದಳು, ಲೈಸೆನ್ಸು ಬಂದು ಮೂರು ದಿನವಾಗಿತ್ತು. ಶನಿವಾರ ಐದೂವರೆಗೆ ಎದ್ದಿರು, ಲೇಟ್ ಮಾಡಬೇಡ ಅಂತ ನನಗೇ ಹೇಳಿದಳು. ನಾನು ಖುಷಿಯಲ್ಲಿ ಹಿಗ್ಗುತ್ತಿರುವಾಗ ರಸ್ತೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದಳು. "ಬೈ ದ ವೇ ಅಮ್ಮಾ, ಶಾಲಿನಿ ಆಂಟಿ ಇನ್ನೂ ಊಟ ಮಾಡಿರಲಿಲ್ಲ. ಅದೇ ಲಾಸ್ಟ್ ಹೋಳಿಗೆ. ದಟ್ ವಾಸ್ ಹರ್ ವೇವ್."

ಮನೆಗೆ ಬಂದೊಡನೆ ಶಾಲಿನಿಗೆ ಫೋನ್ ಮಾಡಿ, ಬೇಜಾರಾಯ್ತೇನೇ ಅಂತ ಕೇಳಿದೆ. "ಅಯ್ಯೋ, ಇಲ್ಲಪ್ಪಾ" ಅಂದಳು. ನಿಜವಾಗ್ಲೂ ಅಂತ ಇನ್ನೊಮ್ಮೆ ಕೇಳಿದೆ. "ಏನೂ ಇಲ್ಲ ಕಣೇ, ಬಿಡು" ಅಂದಳು. ಅವಳೂ ಮೈಸೂರಿನವಳೇ. ಮೂರನೇ ಸಲ ಕೇಳುವ ಧೈರ್ಯವಾಗದೆ ಫೋನ್ ಇಟ್ಟೆ.