ಕಲ್ದಾರಿನ ಚಿಗರಿ, ಹಾಲಿಯ ಲೆಕ್ಕ

ಹೆಂಡತಿಗೆ ಕಾಡುಪ್ರಾಣಿ ತೋರಿಸಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಯಾದಗಿರಿಯಲ್ಲಿ ಮೊಟ್ಟಮೊದಲು ಶಾಸ್ತ್ರೋಕ್ತವಾಗಿ ಲೆಕ್ಕ ಹಾಕಿದವನು ನಾನು. ಆಗ ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಿಜಾಮರ ಆಳ್ವಿಕೆ ಹೋಗಿತ್ತು, ಆದರೆ ಅವರ ಹಾಲಿ ರೂಪಾಯಿ ಇನ್ನೂ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ಹಿಂದೂಸ್ತಾನದ ಕಲ್ದಾರ್ ರೂಪಾಯಿಯೂ ಓಡಾಡುತ್ತಿತ್ತು. ಕಲ್ದಾರಿನ ಬೆಲೆ ಒಂದು ತೂಕ ಹೆಚ್ಚು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಲೆಕ್ಕ ತಪ್ಪಿದ ಹುಡುಗರಿಗೆ ಬೆತ್ತದ ರುಚಿ ತೋರಿಸುತ್ತಿದ್ದವನೇ ನಾನು!

ಜಾಗೀರು ಕಳೆದುಕೊಂಡ ಸಾಹೇಬರೊಬ್ಬರು ತಮ್ಮ ಹಳೆಯ ಮೋಟಾರನ್ನು ಬಾಡಿಗೆಗೆ ಕೊಡುತ್ತಾರೆಂದು ಕೇಳಿದ್ದೇ ತಡ, ಸುರಪುರದ ಗುಡ್ಡದ ಕಡೆ ಹೋಗಿ ಚಿಗರಿ, ಅಂದರೆ ಜಿಂಕೆಗಳ, ಹಿಂಡು ನೋಡಿಬರುವ ಯೋಜನೆ ಸಿದ್ಧವಾಯಿತು. ಬಾಡಿಗೆ, ಪೆಟ್ರೋಲು, ಚಹಾ, ಡ್ರೈವರನ ಕೂಲಿ. ಕೂಲಿ ವಿಪರೀತ ಎನಿಸಿತು, ಹೊಡೆದುಹಾಕಿದೆ. ಡ್ರೈವರ್ ನಾನೇ! ಸ್ಟೇಷನ್ ಬಯಲಿನಲ್ಲಿ ಒಂದು ಸಂಜೆ ಕಲಿತಿದ್ದೆ. ಗಾಡಿ ನಿಲ್ಲಿಸುವ ಪಾಠ ಮಾತ್ರ ಬಾಕಿ ಇತ್ತು.

ದುಡ್ಡು ನನ್ನದಲ್ಲ. ನನ್ನ ಹೆಂಡತಿ ನೀಲಮ್ಮ ಇಳಕಲ್ ಸೀರೆಗೆಂದು ಕೂಡಿಟ್ಟದ್ದು.

“ಸೀರಿ ರೊಕ್ಕ ಉಳೀತದಲ್ರಿ?” ಎಂದಳು.

“ಅರ್ಧದಾಗ ಚಿಗರಿ, ಅರ್ಧದಾಗ ಸೀರಿ. ಗಣಿತ ಮಾಸ್ತರನ ಬಜೆಟ್ ಇದು!”

“ಉಳೀಲಿಲ್ಲಂದ್ರ?”

“ಛೇ, ಹೊಂಟಾಗ ಅಪಶಕುನ ನುಡೀಬ್ಯಾಡ.”

ಬೆಳಿಗ್ಗೆ ಸಾಹೇಬರ ಕೈಗೆ ಬಾಡಿಗೆ ಇಟ್ಟೆ. ಅವರು ಎಣಿಸಿ, ಬಹಳ ಮರ್ಯಾದೆಯಿಂದ ನಕ್ಕರು.

“ಮಾಸ್ತರ್ ಸಾಬ್, ಇವು ಹಾಲಿ ಅದಾವ. ನಾ ಹೇಳಿದ್ದು ಕಲ್ದಾರ್.”

ಹೆಚ್ಚಿನದನ್ನು ಕೊಟ್ಟೆ. ಸೀರೆಯ ಸೆರಗು ಹೋಯಿತು!

ಶಹಾಪುರದಲ್ಲಿ ಪೆಟ್ರೋಲು ಹಾಕಿಸಿದೆ. ಅಂಗಡಿಯವನು ದುಡ್ಡು ನೋಡಿ ತಲೆಯಾಡಿಸಿದ.

“ಪೆಟ್ರೋಲು ಬೊಂಬಾಯಿಂದ ಬರ್ತದರಿ. ಅದಕ್ಕ ಹಾಲಿ ಗೊತ್ತಿಲ್ಲ.”

ಹಾಕಿದ ಪೆಟ್ರೋಲನ್ನು ವಾಪಸು ತೆಗೆಯುವ ವಿದ್ಯೆ ಗಣಿತದಲ್ಲಿಲ್ಲ. ಸೀರೆಯ ಒಡಲೂ ಹೋಯಿತು. ನೀಲಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು. ಇನ್ನು ಚಿಗರಿ ಕಂಡರೆ ಮಾತ್ರ ನನಗೆ ಮನೆಯಲ್ಲಿ ಮರ್ಯಾದೆ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು, ರಸ್ತೆ ತುಂಬ ಕುರಿಹಿಂಡು! ಕುರುಬ ಕೋಲು ಎತ್ತಿ ಕೂಗಿದ: “ನಿಂದರಸ್ರಿ! ನಿಂದರಸ್ರಿ!”

ನಿಂದರಿಸುವುದು ಗೊತ್ತಿದ್ದರಲ್ಲವೇ? ಕಾಲಿಗೆ ಸಿಕ್ಕಿದ್ದನ್ನೆಲ್ಲ ಒತ್ತಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸಿದೆ. ಮೋಟಾರು ರಸ್ತೆಯನ್ನು ಕುರಿಗಳಿಗೆ ಬಿಟ್ಟುಕೊಟ್ಟು, ಹಿಂದಿನ ದಿನದ ಮಳೆಗೆ ನೆಂದಿದ್ದ ಎರೆಹೊಲಕ್ಕೆ ಇಳಿದು, ಗಾಲಿ ಮುಳುಗುವಷ್ಟು ಹೂತು, ತಾನಾಗಿಯೇ ನಿಂತಿತು. ಕುರಿಗಳು ಸಾಲಾಗಿ ನಿಂತು ನಮ್ಮನ್ನು ನೋಡಿದವು. ಪುಣ್ಯಕ್ಕೆ ಅವು ಟಿಕೀಟು ಕೊಂಡಿರಲಿಲ್ಲ.

ಹೊಲದ ರೈತ ಎತ್ತು ಹೊಡೆದುಕೊಂಡು ಬಂದ. “ಎಳೀಬೇಕೇನ್ರಿ?” ಎಂದ.

ಈ ಸಲ ನಾನು ಹುಷಾರಾಗಿದ್ದೆ. ಮೊದಲೇ ಕೇಳಿದೆ: “ಹಾಲಿಯೋ, ಕಲ್ದಾರೋ?”

“ಅದೆಲ್ಲ ನಮಗ ತಿಳಿಯೂದಿಲ್ರಿ. ಕಿಸೇದಾಗ ಎಷ್ಟದ, ಅಷ್ಟು ಕೊಡ್ರಿ.”

ಕುಪ್ಪಸದ ಖಣವೂ ಹೋಯಿತು!

ಎತ್ತುಗಳು ಮೋಟಾರನ್ನು ರಸ್ತೆಗೆ ತಂದವು. ಆದರೆ ಇಂಜಿನ್ನು ಎಷ್ಟು ತಿರುವಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ರೈತ ಹಗ್ಗ ಬಿಚ್ಚದೆ ಶಹಾಪುರದ ಕಡೆಗೇ ಎತ್ತು ಹೊಡೆದ. ಸ್ಟೇರಿಂಗ್ ಹಿಡಿದು ನಾನು, ಪಕ್ಕದಲ್ಲಿ ನೀಲಮ್ಮ. ನಿಜವಾಗಿಯೂ ನಾಚಿಕೆಯಾಗಿತ್ತು. ಅವಳ ಮುಖ ನೋಡುವ ಧೈರ್ಯವಿಲ್ಲದೆ ಎತ್ತಿನ ಬಾಲ ನೋಡುತ್ತಾ ಹೇಳಿದೆ:

“ತಪ್ಪಾತು. ಸೀರಿನೂ ಹೋತು, ನಿನಗ ಚಿಗರಿನೂ ತೋರಸಲಿಲ್ಲ.”

“ಚಿಗರಿ ಏನ್ ಹೊಸಾವೇನ್ರಿ? ನಮ್ಮ ತವರುಮನಿ ಕೊಂಕಲ್ದಾಗ ದಿನಾ ಹೊಲಕ್ಕ ಬರ್ತಾವ. ಕವಣಿ ಬೀಸಿ ಬೀಸಿ ನಮ್ಮಪ್ಪಗ ಸಾಕಾಗ್ಯದ.”

ನಾನು ಹೌಹಾರಿದೆ. “ಮತ್ತ ಮೊದಲ ಯಾಕ ಹೇಳಲಿಲ್ಲ?”

“ಮೋಟಾರಿನ್ಯಾಗ ಕೂಡೂ ಆಸೆ ಇತ್ರಿ.” ಅವಳು ಮುಂದೆ ನಡೆಯುತ್ತಿದ್ದ ಎತ್ತುಗಳನ್ನು ಒಮ್ಮೆ ನೋಡಿದಳು. “ಎತ್ತಿನ ಹಿಂದ ಕೂಡೂದಿದ್ರ ನಮ್ಮಪ್ಪನ ಬಂಡಿ ಪುಕ್ಕಟೆ ಇತ್ತಲ್ರಿ!”

ರೈತ ಹೇಳಿದ ಕಡೆಗೆಲ್ಲ ಸ್ಟೇರಿಂಗ್ ತಿರುಗಿಸುತ್ತಾ ಶಹಾಪುರ ಪ್ರವೇಶಿಸಿದೆ. ಹಾರ್ನ್ ಒಂದು ಮಾತ್ರ ನನ್ನ ಮಾತು ಕೇಳುತ್ತಿತ್ತು. ಎತ್ತು ಬೆದರುತ್ತವೆಂದು ರೈತ ಅದನ್ನೂ ಒತ್ತಬೇಡವೆಂದ!