ಡೂ ದಿ ನೀಡ್‌ಫುಲ್

ಅಂದಿನ ಫಜೀತಿಗೆಲ್ಲ ಕಾರಣ ‘ಕಳಸ್ರಿ’ ಎಂಬ ಒಂದು ಮಾತು.

ವಾದಿರಾಜ ಮಾಸ್ತರರು ಮೂವತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲವಾದರೂ ಆ ಮಾತು ಆಡಿದವರು. ಅದರ ಅರ್ಥ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಹಿಂದಿನ ಬೆಂಚಿನವರು ನೋಟಬುಕ್ಕನ್ನು ಮುಂದಿನವರಿಗೆ ಕೊಡಬೇಕು, ಅವರು ತಮ್ಮ ಮುಂದಿನವರಿಗೆ. ಕೈಯಿಂದ ಕೈಗೆ ಸಾಗಿ ಬಂದು ಮೇಜಿನ ಮೇಲೆ ಗೋಪುರದ ಹಾಗೆ ನಿಲ್ಲಬೇಕು. ಮೂವತ್ತು ವರ್ಷದಲ್ಲಿ ಒಂದು ನೋಟಬುಕ್ಕೂ ಅವರ ಮೇಜು ದಾಟಿ ಮುಂದೆ ಹೋದದ್ದಿಲ್ಲ.

ಮಾಸ್ತರರು ಅಕ್ಕಿಆಲೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮನೆ ಸವಣೂರಿನಲ್ಲಿ. ಬೆಳಿಗ್ಗೆ ಸವಣೂರಿನಿಂದ ಹಾನಗಲ್ಲಿಗೆ ಒಂದು ಬಸ್ಸು, ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಇನ್ನೊಂದು. ಸಂಜೆ ಅದೇ ಉಲ್ಟಾ. ಹೀಗೆ ಹನ್ನೊಂದು ವರ್ಷ. ತಮ್ಮ ಮನೆಯ ಗೋಡೆಗೆ ಯಾವ ಬಣ್ಣ ಹಚ್ಚಿದೆ ಎಂಬುದನ್ನು ಅವರು ರವಿವಾರ ಮಾತ್ರ ನೋಡುತ್ತಿದ್ದರು.

ಅವರ ಶಾಲೆ ನಡೆಸುವ ಮಂಡಳಿಗೆ ನಾಲ್ಕು ತಾಲೂಕಿನಲ್ಲಿ ಶಾಲೆಗಳಿದ್ದವು. ಸವಣೂರಿನ ಹತ್ತಿರದ ಯಲವಿಗಿಯಲ್ಲೂ ಒಂದಿತ್ತು. ಅಲ್ಲಿಗೆ ವರ್ಗವಾದರೆ ಹೆಂಡತಿ ಮೃಣಾಲಿನಿಯ ಕೈಯ ಬಿಸಿ ಅನ್ನ ಉಂಡು ಶಾಲೆಗೆ ಹೋಗಬಹುದು. ಇಷ್ಟೇ ಅವರ ಆಸೆ. ಪ್ರತಿ ಜೂನಿಗೆ ಒಂದು ಅರ್ಜಿ, ಗೆರೆ ಹಾಕಿದ ಹಾಳೆಯ ಮೇಲೆ, ಶಾಯಿ ಪೆನ್ನಿನಲ್ಲಿ. ಅದನ್ನು ಶಾಲೆಯ ಶಿಪಾಯಿ ಕರಬಸಪ್ಪ ಅಂಗಿಯೊಳಗೆ ಎದೆಗೆ ಅವಚಿಕೊಂಡು ಹೋಗಿ ಕೆಂಪು ಡಬ್ಬಿಗೆ ಹಾಕಿ, ಒಳಗೆ ಬಿದ್ದ ಸದ್ದು ಕೇಳಿಯೇ ಬರುತ್ತಿದ್ದ. ಉತ್ತರ ಒಂದು ಸಲವೂ ಬಂದಿರಲಿಲ್ಲ.

ಈ ಜೂನಿಗೆ ಮಂಡಳಿಯಿಂದ ಎರಡು ನೋಟೀಸು ಬಂದವು. ವರ್ಗಾವಣೆ ಕೇಳುವವರು ಇನ್ನು ಮುಂದೆ ಇ-ಮೇಲ್ ಮಾಡಬೇಕು, ಕೊನೆಯ ದಿನ ಶುಕ್ರವಾರ ಎಂಬುದು ಒಂದು. ಹತ್ತನೆಯ ಇಯತ್ತೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಆಫೀಸಿನ ಇ-ಮೇಲ್ ಬರೆಯಲು ಕಲಿಸಬೇಕು ಎಂಬುದು ಇನ್ನೊಂದು. ಮಾಸ್ತರರು ಜನ್ಮದಲ್ಲಿ ಇ-ಮೇಲ್ ಕಳಿಸಿದವರಲ್ಲ. ಮೊದಲಿನ ನೋಟೀಸನ್ನು ನಂಬದೆ ವಾಡಿಕೆಯಂತೆ ಶಾಯಿಯ ಅರ್ಜಿ ಬರೆದು ಕರಬಸಪ್ಪನ ಕೈಗೆ ಕೊಟ್ಟರು. ಎರಡನೆಯದನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಪಾಠವನ್ನು ದಿನ ದಿನ ಮುಂದೂಡಿ ಶುಕ್ರವಾರಕ್ಕೆ ತಂದು ನಿಲ್ಲಿಸಿದರು.

ಶುಕ್ರವಾರ ಕಂಪ್ಯೂಟರ್ ಖೋಲಿಯಲ್ಲಿ ಹನ್ನೆರಡು ಕಂಪ್ಯೂಟರು, ಮೂವತ್ತಾರು ಮಕ್ಕಳು. ಒಬ್ಬರು ಎದ್ದರೆ ಒಬ್ಬರು ಕೂರಬೇಕು. ಮಾಸ್ತರರು ಉಪಾಯ ಮಾಡಿದ್ದರು. ತಮ್ಮ ವರ್ಗಾವಣೆಯ ಅರ್ಜಿಯನ್ನೇ ಮಾದರಿಯೆಂದು ಬೋರ್ಡಿನ ಮೇಲೆ ಬರೆದರೆ ಪಾಠವೂ ಆಯಿತು. ಊಟದ ಬಿಡುವಿನಲ್ಲಿ ಅದನ್ನೇ ಹೆಡ್‌ಮಿಸ್ ಶೀಲಾ ಅಕ್ಕೋರ ಕಂಪ್ಯೂಟರಿನಿಂದ ಕಳಿಸಿದರೆ ಅರ್ಜಿಯೂ ಆಯಿತು.

ಮೇಲೆ ಮಂಡಳಿಯ ಕಾರ್ಯದರ್ಶಿ ಮಲ್ಲೇಶಪ್ಪನವರ ಇ-ಮೇಲ್ ವಿಳಾಸ ಬರೆದರು. ನೋಟೀಸು ಓದಿ ಓದಿ ಅವರಿಗೆ ಬಾಯಿಪಾಠವಾಗಿದ್ದದ್ದು ಅದೊಂದೇ. ಕೆಳಗೆ ಇಂಗ್ಲಿಷಿನಲ್ಲಿ ಒಕ್ಕಣೆ: ‘ಮಾನ್ಯರೇ, ಶ್ರೀ ವಾದಿರಾಜ ಮಾಸ್ತರ ಇವರನ್ನು ಅಕ್ಕಿಆಲೂರಿನಿಂದ ಯಲವಿಗಿಗೆ ಆದಷ್ಟು ಬೇಗ ವರ್ಗಾಯಿಸಬೇಕೆಂದು ಕೋರಿಕೆ.’ ಅರ್ಜಿಯಲ್ಲಿ ‘ನಾನು, ನಾನು’ ಎನ್ನುವುದು ಉದ್ಧಟತನ ಎಂದು ಅವರ ಗುರುಗಳು ಸವಣೂರಿನಲ್ಲಿ ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ಕೊನೆಗೆ ಅದೇ ಗುರುಗಳು ಕಲಿಸಿದ ಸಾಲನ್ನು ಗಟ್ಟಿಯಾಗಿ ಓದುತ್ತ ಬರೆದರು: ‘ಕೈಂಡ್ಲಿ ಡೂ ದಿ ನೀಡ್‌ಫುಲ್.’

ಗಂಟೆ ಬಾರಿಸುವ ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕರಬಸಪ್ಪ ಕೇಳಿದ. “ಸರ, ಕಡೀಕ ಅದೇನೋ ನೀಡ್ರಿ ಅಂದ್ರೆಲ್ಲ, ಏನದು?”

“ನೀಡ್‌ಫುಲ್, ಕರಬಸಪ್ಪ. ಅಂದ್ರ, ಏನು ಬೇಕಾಗ್ಯದೋ ಅದನ್ನ ದಯಮಾಡಿ ಮಾಡ್ರಿ ಅಂತ.”

“ಹಂಗನ್ರಿ? ನಾ ಪಂಕ್ತಿಯೊಳಗ ಹೇಳಿದಂಗ ತಿಳದಿದ್ದೆ. ನೀಡ್ರಿ, ಫುಲ್ ನೀಡ್ರಿ ಅಂತ.”

ಖೋಲಿಯೆಲ್ಲ ನಕ್ಕಿತು. ಮಾಸ್ತರರು ಮೇಜು ಕುಟ್ಟಿದರು. “ನಗೂದು ಸಾಕು. ಇದನ್ನ ನೋಡಿ ಹೊಡೀರಿ. ಆದ್ರ ಕೆಳಗ ನನ್ನ ಹೆಸರು ಹಾಕಬ್ಯಾಡ್ರಿ, ನಿಮ್ಮ ನಿಮ್ಮ ಹೆಸರು ಹಾಕ್ರಿ. ಸ್ವಂತದ್ದು ಒಂದು ವಾಕ್ಯ ಸೇರಸ್ರಿ. ಬರೇ ಕಾಪಿ ಹೊಡದ್ರ ಮಾರ್ಕ್ಸ್ ಇಲ್ಲ.”

ಎರಡು ಪಿರಿಯಡ್ ಟಕಟಕ ಸದ್ದು. ಮಾಸ್ತರರು ಕನ್ನಡಕ ತೆಗೆದು ಅದಕ್ಕೆ ಮೆತ್ತಿದ ಸೀಮೆಸುಣ್ಣದ ಪುಡಿ ಒರೆಸುತ್ತಿದ್ದರು. ಲೋಹಿತ ಎಂಬ ಹುಡುಗ ಕೂಗಿದ. “ಸರ, ಮುಗೀತ್ರಿ. ಕಳಸ್ಲೇನ್ರಿ?”

“ಹೂಂ, ಕಳಸ್ರಿ. ಎಲ್ಲಾರೂ ಕಳಸ್ರಿ.”

ಮಾಸ್ತರರು ಕನ್ನಡಕ ಹಾಕಿಕೊಂಡು, ಮೇಜಿನ ಮೇಲೆ ಕೈಚಾಚಿ ಕಾದರು. ಒಂದು ನೋಟಬುಕ್ಕೂ ಬರಲಿಲ್ಲ.

“ಎಲ್ಲಿ? ಬರಲಿಲ್ಲಲ್ಲ?”

“ಹ್ವಾದುವಲ್ರಿ ಸರ,” ಎಂದಳು ಮುಂದಿನ ಸಾಲಿನ ಅಂಕಿತಾ.

“ಎಲ್ಲಿಗೆ?”

“ನೀವ ಬೋರ್ಡ್ ಮ್ಯಾಲ ವಿಳಾಸ ಬರದೀರೆಲ್ರಿ, ಅಲ್ಲಿಗೆ.”

ಮಾಸ್ತರರ ಮುಖ ನೀರಿಗೆ ಹಾಕಿದ ಅವಲಕ್ಕಿಯಂತೆ ಮೆತ್ತಗಾಯಿತು. “ವಾಪಸ್ ಕರೀರಿ! ಅಷ್ಟನ್ನೂ ವಾಪಸ್ ಕರೀರಿ!”

“ಅವೇನು ದನಾ ಅಲ್ರಿ ಸರ, ಕರದ್ರ ಹೊಳ್ಳಿ ಬರಾಕ,” ಎಂದ ಲೋಹಿತ.

ಕರಬಸಪ್ಪನಿಗೆ ಹಳೆಯದು ನೆನಪಾಯಿತು. “ಹಿಂದ ಹೆಡ್‌ಮಾಸ್ತರ್ರು ಒಂದ್ ಕಾಗದಾ ತಪ್ಪಿ ಹಾಕಿದ್ರು. ನಾ ಡಬ್ಬಿ ಮುಂದ ಎರಡ ತಾಸು ಕುಂತು, ಪೋಸ್ಟಮನ್ ಬಂದಕೂಡಲೇ ಕೈಕಾಲ ಬಿದ್ದು ಈಸ್ಕೊಂಬಂದೆ. ಇದರ ಡಬ್ಬಿ ಎಲ್ಲೈತಿ ಹೇಳ್ರಿ, ಹೋಗಿ ಕುಂದರ್ತೇನಿ.”

ಮಾಸ್ತರರು ಒಂದೊಂದೇ ಪರದೆ ನೋಡುತ್ತ ಹೋದರು. ಮೂವತ್ತಾರು ಮಕ್ಕಳೂ ಬೋರ್ಡಿನ ಒಕ್ಕಣೆಯನ್ನು ಅಕ್ಷರ ಬಿಡದೆ ಹೊಡೆದು, ಕೆಳಗೆ ತಮ್ಮ ತಮ್ಮ ಹೆಸರು ಹಾಕಿದ್ದರು. ಅಂದರೆ ವಾದಿರಾಜ ಮಾಸ್ತರರನ್ನು ಆದಷ್ಟು ಬೇಗ ಇಲ್ಲಿಂದ ಎತ್ತಿರಿ ಎಂದು ಇಡೀ ತರಗತಿ ಅರ್ಜಿ ಹಾಕಿದಂತಾಯಿತು. ಮೇಲೆ ಸ್ವಂತ ವಾಕ್ಯಗಳು ಬೇರೆ. ಸರ್ ಅವರ ದನಿ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ ಎಂದು ಲೋಹಿತ ಹೆಮ್ಮೆಯಿಂದ ಬರೆದಿದ್ದ. ರೆಹಾನನ ಪರದೆಯ ಮೇಲೆ ಹೀಗಿತ್ತು: ‘ವಿ ಆರ್ ಸಫರಿಂಗ್ ಫ್ರಮ್ ವಾದಿರಾಜ ಸರ್ ಸಿನ್ಸ್ ಟೂ ಇಯರ್ಸ್.’

“ಏನೋ ಇದು ರೆಹಾನ? ನಾ ಏನ್ ಜ್ವರಾ ಏನೋ?”

ರೆಹಾನನಿಗೆ ಇಂಗ್ಲಿಷಿನಲ್ಲಿ ಪೂರಾ ಬರುತ್ತಿದ್ದದ್ದು ರಜಾ ಚೀಟಿ ಒಂದೇ. “ಜ್ವರದ ಚೀಟ್ಯಾಗ ಹಂಗ ಇರ್ತೈತೆಲ್ರಿ ಸರ. ಎರಡ ವರ್ಷದಿಂದ ನಿಮ್ಮ ಕೈಯಾಗ ಕಲ್ಯಾಕತ್ತೇವಿ ಅಂತ ಬರದೇನ್ರಿ.”

ಅಷ್ಟರಲ್ಲಿ ಶೀಲಾ ಅಕ್ಕೋರು ಮೊಬೈಲನ್ನು ಕಾದ ಹೆಂಚಿನಂತೆ ಹಿಡಿದು ಓಡಿಬಂದರು. “ವಾದಿರಾಜ ಸರ, ಮಲ್ಲೇಶಪ್ಪ ಸಾಹೇಬ್ರು! ಭಾಳ ಸಿಟ್ಟಿಗೆದ್ದಾರ್ರಿ.”

ಶಿಗ್ಗಾಂವದ ಮಂಡಳಿ ಆಫೀಸಿನಿಂದ ಬಂದ ದನಿ ಇಡೀ ಖೋಲಿಗೆ ಕೇಳಿತು. “ಮಾಸ್ತರ್ರ, ನಿಮ್ಮಿಂದ ಮಕ್ಕಳು ನರಳಾಕತ್ತಾವಂತ! ಏನ್ ಮಾಡೀರಿ ಅವಕ್ಕ? ನಾಕ ಗಂಟೇಕ ನಾನ ಬರ್ತೇನಿ. ವಿಚಾರಣಿ ಮಾಡ್ತೇನಿ. ತಪ್ಪು ಖರೆ ಆದ್ರ ಸಾಲಿ ಮೆಟ್ಟಲಾ ಹತ್ತಗೊಡೂದಿಲ್ಲ!”

ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು. ವರ್ಗಾವಣೆಯ ಮಾತು ದೂರವಾಯಿತು. ಈಗ ನೌಕರಿಯೇ ಹೋಗುವ ಹೊತ್ತು. ಅವರು ಗೋಡೆ ಹಿಡಿದು ಕುಳಿತರು.

ಅಂಕಿತಾ ಎದ್ದು ನಿಂತಳು. “ಸರ, ಇನ್ನೊಂದ್ ಮೇಲ್ ಬರೀತೇವ್ರಿ. ಖರೇ ಹೇಳ್ತೇವಿ. ಬೋರ್ಡ್ ಮ್ಯಾಲ ಬರದಕೊಡ್ರಿ.”

“ಬ್ಯಾಡ. ನಾ ಬರದುಕೊಟ್ರ ಅದು ನನ್ನ ಮಾತಾಗ್ತದ. ನಿಮಗ ತಿಳಿದದ್ದು ಬರೀರಿ. ನನಗ ತೋರಸಲೂ ಬ್ಯಾಡ್ರಿ.” ಅವರು ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತರು.

ಮಾದರಿಯಿಲ್ಲದ ಮಕ್ಕಳು ಕೈಕಟ್ಟಿ ಕುಳಿತವು. ಆಗ ಕರಬಸಪ್ಪ ಒಳಗೆ ಬಂದ. ಅವನು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಹರೆಯದಲ್ಲಿ ಓಣಿಯ ಅರ್ಧ ಮಂದಿಗೆ ಬಂದ ಕಾಗದ ಓದಿ ಹೇಳುತ್ತಿದ್ದವನು ಅವನೇ. ಹೊಸದಾಗಿ ಗಂಡನ ಮನೆಗೆ ಹೋದ ಮಗಳ ಕಾಗದ ಬಂತೆಂದರೆ ತಾಯಿ ಕೈತೊಳೆದು, ಸೆರಗು ಹೊದ್ದು, ಕಟ್ಟೆಯ ಮೇಲೆ ಕೂರುತ್ತಿದ್ದಳು. ‘ಇತ್ತ ಎಲ್ಲರೂ ಕ್ಷೇಮ’ ಎಂಬ ಸಾಲು ಬರುವವರೆಗೆ ಯಾರೂ ಉಸಿರು ಬಿಡುತ್ತಿರಲಿಲ್ಲ. ಅದೊಂದನ್ನು ಎರಡು ಸಲ ಓದಿಸುತ್ತಿದ್ದರು. ಮುಂದಿನದೆಲ್ಲ ಆಮೇಲೆ.

“ಕಾಗದಾ ಅಂದ್ರ ಹಂಗ ಬಾಗಲಾ ದೂಡಿ ಒಳಗ ಬರೂದಲ್ಲವಾ,” ಎಂದ ಕರಬಸಪ್ಪ. “ಮೊದಲ ಆರಾಮ ಅದೀರಿ ಏನು ಅಂತ ಕೇಳ್ರಿ. ನಾವು ಆರಾಮ ಅದೇವಿ ಅಂತ ಹೇಳ್ರಿ. ಮಳಿ ಬೆಳಿ ಕೇಳ್ರಿ. ಆಮ್ಯಾಲ ನಿಮ್ಮ ಮಾತ ಹೇಳ್ರಿ. ಕಡೀಕ ದೊಡ್ಡವ್ರಿಗೆ ನಮಸ್ಕಾರ, ಸಣ್ಣವ್ರಿಗೆ ಆಶೀರ್ವಾದ.”

“ಇದು ಆಫೀಸಿನ ಮೇಲ್ ಕಾಕಾ,” ಎಂದ ಲೋಹಿತ.

“ಆಫೀಸಿನ್ಯಾಗ ಕುಂತಾಂವ ಮನಶ್ಯಾ ಅಲ್ಲೇನಲೇ?”

ಮಕ್ಕಳು ಬರೆದವು. ಹರಕು ಮುರುಕು ಇಂಗ್ಲಿಷಿನಲ್ಲಿ, ಒಬ್ಬರದು ಒಬ್ಬರು ನೋಡದೆ. ಈ ಸಲ ಕಳಿಸಲೇ ಎಂದು ಯಾರನ್ನೂ ಕೇಳಲಿಲ್ಲ.

ನಾಲ್ಕಕ್ಕೆ ಕಾರು ಬಂತು. ಮಲ್ಲೇಶಪ್ಪನವರು ಇಳಿದರು. ಎಪ್ಪತ್ತು ದಾಟಿದ, ದಪ್ಪ ಮೀಸೆಯ ಸಾಹೇಬರ ಕಣ್ಣು ಕೆಂಪಗಿದ್ದವು. ಸಿಟ್ಟಿನಿಂದ ಎಂದುಕೊಂಡು ಶೀಲಾ ಅಕ್ಕೋರು ಎರಡು ಹೆಜ್ಜೆ ಹಿಂದೆ ಸರಿದರು. ಮಾಸ್ತರರು ಕೈಮುಗಿದು ನಿಂತರು.

“ಮಾಸ್ತರ್ರ, ಇಪ್ಪತ್ತ ವರ್ಷ ಆತು ನಾ ಕಾರ್ಯದರ್ಶಿ ಆಗಿ. ಬಂದ ಕಾಗದೆಲ್ಲಾ ಅದು ಕೊಡ್ರಿ, ಇದು ಮಾಡ್ರಿ. ಇವತ್ತು ಮೂವತ್ತಾರು ಮಂದಿ ನಾ ಆರಾಮ ಅದೇನೋ ಇಲ್ಲೋ ಅಂತ ಕೇಳ್ಯಾರ. ಒಬ್ಬಾಕಿ ಶಿಗ್ಗಾಂವದಾಗ ಮಳಿ ಆತೇನ್ರಿ ಅಂದಾಳ. ನಮ್ಮವ್ವ ಹೋದ ಮ್ಯಾಲ ನನಗ ಹಂಗ ಯಾರೂ ಬರದಿದ್ದಿಲ್ಲ.” ಅವರು ಮೊಬೈಲು ತೆಗೆದರು. “ಮೊದಲಿನವು ಬೋರ್ಡ್ ನೋಡಿ ಹೊಡದದ್ದಂತನೂ ಬರದಾರ. ಈ ರೆಹಾನ ಯಾರು?”

ರೆಹಾನ ಗುಂಪಿನಿಂದ ಮುಂದೆ ಬಂದ.

“ನಿನಗ ಇಂಗ್ಲಿಷ್ ಓದಾಕ ಬರ್ತಿದ್ದಿಲ್ಲಂತ. ಸಾಲಿ ಬಿಟ್ಟ ಮ್ಯಾಲ ಕುಂದ್ರಿಸಿ ಕಲಿಸಿದ್ರಂತ. ‘ಸರ್ ಮಿಸ್ಡ್ ಮೆನಿ ಬಸ್ ಫಾರ್ ಮಿ.’ ಖರೇನಪಾ?”

“ಹೌದ್ರಿ. ಐದೂವರೆ ಬಸ್ ಭಾಳ ಸಲ ತಪ್ಪಿಸ್ಕೊಂಡಾರ್ರಿ.”

ಮಾಸ್ತರರಿಗೆ ತಾವು ಬಸ್ಸು ತಪ್ಪಿಸಿಕೊಂಡದ್ದನ್ನು ಯಾರೋ ನೋಡಿದ್ದರು ಎಂಬುದೇ ಗೊತ್ತಿರಲಿಲ್ಲ. ಸಾಹೇಬರು ಒಳಜೇಬಿನಿಂದ ಮಡಿಚಿದ ಕಾಗದವೊಂದನ್ನು ಹೊರಗೆ ತೆಗೆದರು.

“ಇದೇನ ಗೊತ್ತೇನ್ರಿ? ನಿಮ್ಮ ಯಲವಿಗಿ ಆರ್ಡರ್. ಮುಂಜಾನೆ ಸಹಿ ಮಾಡೇನಿ. ಮೇಲ್ ಗೀಲ್ ನೋಟೀಸು ನಮ್ಮ ಕ್ಲಾರ್ಕ್ ಹಚ್ಚಿದ್ದು. ನಿಮ್ಮ ಶಾಯಿ ಅರ್ಜಿ ಮನ್ನಿ ಬಂತು. ಅಂಥಾ ಅಕ್ಷರಾ ನೋಡಿ, ಈ ವರ್ಷ ಕೊಟ್ಟ ಬಿಡೂಣು ಅಂದೆ.”

ಹನ್ನೊಂದು ವರ್ಷದ ಬಸ್ಸುಗಳೆಲ್ಲ ಒಮ್ಮೆಲೇ ನಿಂತಂತಾಯಿತು. ಮಾಸ್ತರರು ಕೈಚಾಚಿದರು.

ಪರ್ರ್ ಎಂದು ಸದ್ದಾಯಿತು. ಸಾಹೇಬರು ಆರ್ಡರನ್ನು ನಾಲ್ಕು ಚೂರು ಮಾಡಿದ್ದರು.

“ಇಂಥಾ ಮಕ್ಕಳನ್ನ ಬಿಟ್ಟು ಎಲ್ಲಿಗೆ ಹೊಂಟಿದ್ರಿ? ಏನ್ ಹುಡುಗೂರಾ, ಕಳಸೂದೇನ ನಿಮ್ಮ ಸರನ್ನ?”

“ಬ್ಯಾಡ್ರಿ!” ಎಂದು ಮೂವತ್ತಾರು ಗಂಟಲು ಒಂದೇ ಸಲ ಕೂಗಿದವು.

ಆ ಕೂಗಿನೊಳಗೆ ಮಾಸ್ತರರ “ಸಾಹೇಬ್ರ, ಒಂದ್ ಮಾತು” ಎಂಬುದು ಮುಳುಗಿಹೋಯಿತು.

“ಇನ್ನೂ ಐತಿ ಕೇಳ್ರಿ. ಹಿಂಗ ಕಾಗದಾ ಬರಿಯೂದು ನಮ್ಮ ಎಲ್ಲಾ ಮಕ್ಕಳಿಗೂ ಬರಬೇಕು. ಸೋಮವಾರ ಹಾನಗಲ್ಲ, ಮಂಗಳವಾರ ಶಿಗ್ಗಾಂವ, ಬುಧವಾರ ಸವಣೂರ, ಗುರುವಾರ ಹಿರೇಕೆರೂರ. ಶುಕ್ರವಾರ, ಶನಿವಾರ ಇಲ್ಲಿ. ನೀವ ಹೋಗಿ ಕಲಸ್ರಿ.”

ಕಾರು ಹೊರಟಿತು. ಅಂಗಳದಲ್ಲಿ ಮಕ್ಕಳು ಕುಣಿಯುತ್ತಿದ್ದವು. ಲೋಹಿತ ಕಂಪ್ಯೂಟರ್ ಖೋಲಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಸರ, ಸಾಹೇಬ್ರಿಗೆ ಥ್ಯಾಂಕ್ಸ್ ಬರದೇನ್ರಿ. ಕಳಸ್ಲೇನ್ರಿ?”

ಮಾಸ್ತರರು ಆ ವಯಸ್ಸಿನಲ್ಲಿ ಒಳಗೆ ಓಡಿಹೋಗಿ ಕಂಪ್ಯೂಟರಿನ ಪ್ಲಗ್ಗೇ ಕಿತ್ತರು.

ಸಂಜೆ ಕರಬಸಪ್ಪ ಅವರ ಚೀಲ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದ. ಐದೂವರೆಯ ಬಸ್ಸು ಅದೇ ತಾನೇ ಹೋಗಿತ್ತು. ಇಬ್ಬರೂ ಕಲ್ಲಿನ ಕಟ್ಟೆಯ ಮೇಲೆ ಕುಳಿತರು.

“ಬುಧವಾರ ಸವಣೂರ ಬರ್ತೈತೆಲ್ರಿ,” ಎಂದ ಕರಬಸಪ್ಪ ಮೆಲ್ಲಗೆ. “ಅವತ್ತರೆ ಬಿಸಿ ಅನ್ನ ಉಣ್ರಿ.”

ಮಾಸ್ತರರು ತಲೆಯಾಡಿಸಿದರು.

“ಆದ್ರೂ ಸರ, ಆ ಇಂಗ್ಲಿಷ್ ಮಾತಿನ ಅರ್ಥಾ ನಾ ಹೇಳಿದ್ದ ಖರೆ ಆತು ನೋಡ್ರಿ. ನೀವು ಒಂದೂರು ಕೇಳಿದ್ರಿ. ಸಾಹೇಬ್ರು ನಾಕೂ ತಾಲೂಕು ನೀಡ್ಯಾರ. ಫುಲ್!”